98 ಡಾಲರ್ ಸೋರಿದ್ದು ಎಲ್ಲಿ? ಕಡಿಮೆ ಮೊತ್ತದ ಪೋಕರ್ ಟೇಬಲ್‌ನ ಒಂದು ಆಟದ ಅಧ್ಯಯನ

ಲಾಸ್ ವೇಗಸ್‌ನ ಒಂದು ಕ್ಯಾಸಿನೊದಲ್ಲಿ, 1 ಮತ್ತು 2 ಡಾಲರ್ ಬ್ಲೈಂಡ್‌ನ ನೋ ಲಿಮಿಟ್ ಹೋಲ್ಡೆಮ್ ಟೇಬಲ್‌ನಲ್ಲಿ ನಡೆದ ಒಂದೇ ಆಟದ ಪರಿಶೀಲನೆ ಇದು. ಬ್ಲೈಂಡ್ ಎಂದರೆ ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಹಣ, 1 ಡಾಲರ್‌ನದು ಸ್ಮಾಲ್, 2ರದು ಬಿಗ್. ಪ್ರತಿಯೊಬ್ಬರ ಕೈಗೆ ಎರಡು ಎಲೆ ಬರುತ್ತವೆ, ಎಲ್ಲರಿಗೂ ಸೇರಿದ ಐದು ಎಲೆಗಳು ಬೋರ್ಡ್ ಮೇಲೆ ಬೀಳುತ್ತವೆ: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಆಡಿದವರು ಕಚೇರಿ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. 200 ಡಾಲರ್ ಇಟ್ಟುಕೊಂಡು ಕುಳಿತಿದ್ದ ಅವರು ಈ ಒಂದು ಆಟದಲ್ಲಿ 98 ಡಾಲರ್ ಕಳೆದುಕೊಂಡರು. ವಿವರವನ್ನು ಅಂದೇ ರಾತ್ರಿ ಬರೆದಿಟ್ಟುಕೊಂಡಿದ್ದರಿಂದ ಬೆಟ್‌ಗಳ ಮೊತ್ತ, ಕುರ್ಚಿಗಳ ಕ್ರಮ, ಬಿದ್ದ ಎಲೆಗಳು ಎಲ್ಲವೂ ಖಚಿತವಾಗಿ ಲಭ್ಯವಿವೆ. ಅವರು ನನ್ನ ಮುಂದಿಟ್ಟ ಪ್ರಶ್ನೆ ಒಂದೇ: ಕೊನೆಯಲ್ಲಿ ಎದುರಾಳಿ ಹಾಕಿದ 60 ಡಾಲರ್‌ಗೆ ಕಾಲ್ (ಅಷ್ಟೇ ಹಣ ಹಾಕಿ ಆಟದಲ್ಲಿ ಉಳಿಯುವುದು) ಮಾಡಬಾರದಿತ್ತೇ? ಮಾಡಬಾರದಿತ್ತು. ಆದರೆ ಅಷ್ಟು ತಿಳಿದುಕೊಂಡು ಅವರಿಗೆ ಆಗುವ ಪ್ರಯೋಜನ ಕಡಿಮೆ. ಆ ಕಾಲ್‌ಗಿಂತ ಹೆಚ್ಚಿನ ಹಣ ಅವರ ಕೈಯಿಂದ ಸೋರುತ್ತಿರುವುದು ಅದಕ್ಕೂ ಮೊದಲು ತಾವೇ ಹಾಕಿದ, ಅವರ ಟಿಪ್ಪಣಿಯಲ್ಲಿ ಪ್ರಶ್ನೆಯಾಗಿ ಕಾಣಿಸಿಕೊಳ್ಳದ ಚಿಕ್ಕ ಬೆಟ್‌ಗಳಲ್ಲಿ.

ಒಂಬತ್ತು ಜನರ ಟೇಬಲ್. ನಮ್ಮ ಆಟಗಾರರು ಒಂಬತ್ತನೇ ಕುರ್ಚಿಯಲ್ಲಿ ಬಟನ್ ಮೇಲಿದ್ದರು, ಅಂದರೆ ಫ್ಲಾಪ್‌ನ ನಂತರ ಪ್ರತಿ ಸುತ್ತಿನಲ್ಲೂ ಕೊನೆಗೆ ನಿರ್ಧರಿಸುವ ಅನುಕೂಲ ಅವರದ್ದು. ಕೈಗೆ ಬಂದದ್ದು ಸ್ಪೇಡ್ ಎಕ್ಕ ಮತ್ತು ಡೈಮಂಡ್ ರಾಜ. ಮೂರನೇ ಮತ್ತು ಆರನೇ ಕುರ್ಚಿಯವರು ರೇಸ್ ಮಾಡದೆ (ಮೊತ್ತ ಏರಿಸದೆ) ತಲಾ 2 ಡಾಲರ್ ಹಾಕಿ ಲಿಂಪ್ ಮಾಡಿದರು. ನಮ್ಮವರು 8 ಡಾಲರ್‌ಗೆ ಏರಿಸಿದರು. ಸ್ಮಾಲ್ ಬ್ಲೈಂಡ್ ಎಲೆ ಬಿಟ್ಟರು, ಬಿಗ್ ಬ್ಲೈಂಡ್ ಮತ್ತು ಲಿಂಪ್ ಮಾಡಿದ ಇಬ್ಬರೂ ಕಾಲ್ ಮಾಡಿದರು. ಹೀಗೆ ನಾಲ್ವರು ಸೇರಿ ಪಾಟ್ (ಗೆದ್ದವರಿಗೆ ಸೇರುವ ಒಟ್ಟು ಹಣ) 33 ಡಾಲರ್ ಆಯಿತು.

ಫ್ಲಾಪ್‌ನಲ್ಲಿ ಹಾರ್ಟ್ಸ್ ರಾಜ, ಹಾರ್ಟ್ಸ್ 9, ಕ್ಲಬ್ 4 ಬಿದ್ದವು. ಮೂವರೂ ಚೆಕ್ ಮಾಡಿದ (ಬೆಟ್ ಹಾಕದೆ ಸರದಿ ದಾಟಿಸಿದ) ಮೇಲೆ ನಮ್ಮವರು 10 ಡಾಲರ್ ಬೆಟ್ ಹಾಕಿದರು. ಬಿಗ್ ಬ್ಲೈಂಡ್ ಫೋಲ್ಡ್ (ಎಲೆ ಬಿಟ್ಟರು), ಉಳಿದಿಬ್ಬರು ಕಾಲ್. ಪಾಟ್ 63. ಟರ್ನ್‌ನಲ್ಲಿ ಸ್ಪೇಡ್ 6 ಬಂದಿತು, ಯಾರಿಗೂ ಸುಲಭವಾಗಿ ನೆರವಾಗದ ಎಲೆ. ಮತ್ತೆ ಎಲ್ಲರೂ ಚೆಕ್, ಮತ್ತೆ ನಮ್ಮವರಿಂದ 20 ಡಾಲರ್. ಮೂರನೇ ಕುರ್ಚಿಯವರು ಬಿಟ್ಟರು, ಆರನೇ ಕುರ್ಚಿಯವರು ಕಾಲ್ ಮಾಡಿದರು. ಪಾಟ್ 103 ತಲುಪಿತು. ರಿವರ್‌ನಲ್ಲಿ ಹಾರ್ಟ್ಸ್ 2. ಅಲ್ಲಿಯವರೆಗೆ ಒಮ್ಮೆಯೂ ತಾವಾಗಿ ಬೆಟ್ ಹಾಕದಿದ್ದ ಆರನೇ ಕುರ್ಚಿಯವರು ಈ ಬಾರಿ ಡೀಲರ್ ಕೈ ತೋರಿಸುವುದಕ್ಕೂ ಕಾಯದೆ, ಐದು ಡಾಲರ್‌ನ ಕೆಂಪು ಚಿಪ್‌ಗಳನ್ನು ನಾಲ್ಕು ನಾಲ್ಕರಂತೆ ಮೂರು ಕಟ್ಟು ಮಾಡಿ ಗೆರೆಯಾಚೆ ಸರಿಸಿದರು. ನಮ್ಮವರು ಒಂದು ನಿಮಿಷ ಯೋಚಿಸಿ ಕಾಲ್ ಮಾಡಿದರು. ಎದುರಿಗೆ ತೆರೆದುಕೊಂಡದ್ದು ಹಾರ್ಟ್ಸ್ ಎಕ್ಕ ಮತ್ತು ಹಾರ್ಟ್ಸ್ 5, ಬೋರ್ಡ್‌ನ ಮೂರು ಹಾರ್ಟ್ಸ್ ಸೇರಿ ಒಂದೇ ಚಿಹ್ನೆಯ ಐದು ಎಲೆಗಳ ಫ್ಲಶ್, ನಮ್ಮವರ ರಾಜನ ಜೋಡಿಗಿಂತ ಮೇಲು.

ಈ ಆರನೇ ಕುರ್ಚಿಯವರ ಬಗ್ಗೆ ಟಿಪ್ಪಣಿಯಲ್ಲಿ ಎರಡು ಸಂಗತಿಗಳಿವೆ, ಎರಡೂ ಮುಖ್ಯ. ವಯಸ್ಸಾದ, ಮಾತು ಕಡಿಮೆಯಿರುವ ಈ ವ್ಯಕ್ತಿ ಅಲ್ಲಿಯವರೆಗೆ ಬಹುತೇಕ ಆಟಗಳಿಗೆ ಲಿಂಪ್ ಮಾಡಿ ಬಂದಿದ್ದರು, ಒಂದು ಸಲವೂ ರೇಸ್ ಮಾಡಿರಲಿಲ್ಲ. ಹಿಂದಿನ ಒಂದು ಆಟದಲ್ಲಿ ಎರಡು ಜೋಡಿ ಕೈಯಲ್ಲಿದ್ದರೂ ಕೊನೆಯವರೆಗೆ ಚೆಕ್ ಮತ್ತು ಕಾಲ್ ಮಾಡುತ್ತಲೇ ಹೋಗಿ ಶೋಡೌನ್‌ನಲ್ಲಿ ತೋರಿಸಿದ್ದರು. ಎರಡು ಜೋಡಿಯಿದ್ದರೂ ತಾನಾಗಿ ಚಿಪ್ ಮುಂದೆ ತಳ್ಳದ ಮನುಷ್ಯ, ಮೂರನೇ ಹಾರ್ಟ್ಸ್ ಬಿದ್ದ ಕ್ಷಣ 60 ಡಾಲರ್ ತಳ್ಳಿದರು.

ರಿವರ್‌ನ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ, ಪ್ರಶ್ನೆ ಬಂದದ್ದು ಅದರ ಬಗ್ಗೆಯೇ ಆದ್ದರಿಂದ. 60 ಡಾಲರ್ ಕೊಟ್ಟರೆ ಒಟ್ಟು ಪಾಟ್ 223 ಆಗುತ್ತದೆ. ಕೊಡುವ ಮೊತ್ತವನ್ನು ಒಟ್ಟು ಮೊತ್ತದಿಂದ ಭಾಗಿಸಿದರೆ ಶೇ 26.9, ಅಂದರೆ ನೂರರಲ್ಲಿ ಕನಿಷ್ಠ 27 ಸಲ ನಮ್ಮ ಕೈಯೇ ಮೇಲಾಗಿದ್ದರೆ ಕಾಲ್ ನಷ್ಟವಾಗದು. ಈಗ ಎದುರಾಳಿಯ ಎಲೆಗಳನ್ನು ಎಣಿಸಬೇಕು. ಲಿಂಪ್ ಮಾಡಿ, 8 ಡಾಲರ್‌ಗೆ ಕಾಲ್ ಮಾಡಿ, ಇಲ್ಲಿಯವರೆಗೆ ಬರಬಲ್ಲ ಹಾರ್ಟ್ಸ್ ಜೋಡಣೆಗಳು ಹೀಗಿವೆ: ಎಕ್ಕದೊಂದಿಗೆ ಗುಲಾಮ, 10, 8, 7, 6, 5, 4, 3 ಸೇರಿ ಎಂಟು ಬಗೆ, ಜೊತೆಗೆ ರಾಣಿ-ಗುಲಾಮ, ರಾಣಿ-10, ಗುಲಾಮ-10, 10-8, 8-7, 7-6, 6-5, 5-4 ಎಂಬ ಇನ್ನೆಂಟು. ಒಟ್ಟು 16. ಎಕ್ಕ-ರಾಣಿ ಇದ್ದಿದ್ದರೆ ಈ ವ್ಯಕ್ತಿಯೂ ಮೊದಲೇ ಏರಿಸುತ್ತಿದ್ದರೆಂದು ಅದನ್ನು ಬಿಟ್ಟಿದ್ದೇನೆ. ನಮಗಿಂತ ಕೆಳಗಿನ ಕೈಗಳಲ್ಲಿ ಲೆಕ್ಕಕ್ಕೆ ಬರುವಂಥವು ರಾಜ-ರಾಣಿ, ರಾಜ-ಗುಲಾಮ, ರಾಜ-10. ನಾಲ್ಕು ರಾಜರಲ್ಲಿ ಒಂದು ಬೋರ್ಡ್ ಮೇಲೆ, ಒಂದು ನಮ್ಮ ಕೈಯಲ್ಲಿ ಇರುವುದರಿಂದ ಉಳಿದದ್ದು ಎರಡು. ಪ್ರತಿಯೊಂದಕ್ಕೂ ಎಂಟು ಬಗೆಯಂತೆ ಒಟ್ಟು 24.

ಕಾಲ್ ಸರಿದೂಗಬೇಕಾದರೆ 16 ಫ್ಲಶ್‌ಗಳಿಗೆ ಎದುರಾಗಿ ಕನಿಷ್ಠ ಆರು ಕೆಳಗಿನ ಕೈಗಳು 60 ಡಾಲರ್ ಬೆಟ್ ಹಾಕುವಂತಿರಬೇಕು. ಅಂದರೆ ರಾಜನ ಜೋಡಿ ಹಿಡಿದ ಆ 24ರಲ್ಲಿ ಕಾಲು ಭಾಗದಷ್ಟಾದರೂ, ಫ್ಲಶ್ ಕಾಣಿಸಿಕೊಂಡ ಬೋರ್ಡ್ ಮೇಲೆ, ಫ್ಲಾಪ್‌ಗೂ ಮೊದಲು ಏರಿಸಿದವನ ಎದುರು, ತಾನಾಗಿ ಮುಂದೆ ಬರಬೇಕು. ಆರನೇ ಕುರ್ಚಿಯವರು ಹಾಗೆ ಮಾಡುತ್ತಾರೆಂದು ನಂಬಲು ಟಿಪ್ಪಣಿಯಲ್ಲಿ ಯಾವ ಆಧಾರವೂ ಇಲ್ಲ. ಉದಾರವಾಗಿ ಹತ್ತರಲ್ಲಿ ಒಂದು ಸಲ ಎಂದು ಹಿಡಿದರೂ ಕೆಳಗಿನ ಕೈಗಳು 2.4, ನಮ್ಮ ಗೆಲುವಿನ ಪ್ರಮಾಣ ಶೇ 13. ಆಗ ಪ್ರತಿ ಕಾಲ್‌ಗೆ ಸರಾಸರಿ 31 ಡಾಲರ್ ನಷ್ಟ. ಎಕ್ಕ-ರಾಜ ಒಳ್ಳೆಯ ಕೈ ಎನ್ನುವುದು ಇಲ್ಲಿ ವಾದವೇ ಅಲ್ಲ. ರಿವರ್‌ನಲ್ಲಿ ಅದು ಬರೀ ಒಂದು ಜೋಡಿ, ರಾಜ-10 ಹಿಡಿದವನೂ ಫ್ಲಶ್ ಎದುರು ಅಷ್ಟೇ ಸೋಲುತ್ತಾನೆ.

31 ಡಾಲರ್ ಎಂದರೆ 2 ಡಾಲರ್ ಟೇಬಲ್‌ನಲ್ಲಿ ಚಿಕ್ಕ ತಪ್ಪಲ್ಲ. ಆದರೂ ಅದು ಎಷ್ಟು ಸಲ ಎದುರಾಗುತ್ತದೆ ಎಂದು ಕೇಳಬೇಕು. ಹಾರ್ಟ್ಸ್ ಬರುವುದು ಸುಮಾರು ಐದು ಸಲಕ್ಕೆ ಒಮ್ಮೆ. ಬಂದಾಗಲೂ ಎದುರಾಳಿ ಮುಂದೆ ಬರುವುದು ಕೆಲವು ಕೈಗಳೊಂದಿಗೆ ಮಾತ್ರ. ಉಳಿದ ನಾಲ್ಕು ಸಲ ಏನಾಗುತ್ತದೆ? ನಮ್ಮ ಕೈ ಗೆಲ್ಲುತ್ತದೆ, ಪಾಟ್ ನಮ್ಮತ್ತ ಬರುತ್ತದೆ, ಆಟಗಾರ ತೃಪ್ತನಾಗಿ ಚಿಪ್ ಜೋಡಿಸಿಕೊಳ್ಳುತ್ತಾನೆ. ಆ ಪಾಟ್ ಎಷ್ಟು ದೊಡ್ಡದಿರಬಹುದಿತ್ತು ಎಂದು ಕೇಳುವುದಿಲ್ಲ. ಸೋತ ಆಟಗಳನ್ನು ಮಾತ್ರ ಬರೆದಿಡುವವರಿಗೆ ಗೆದ್ದ ಆಟಗಳಲ್ಲಿನ ಸೋರಿಕೆ ಎಂದೂ ಕಾಣದು.

ಟರ್ನ್‌ಗೆ ಹೋಗೋಣ. ಪಾಟ್ 63, ನಮ್ಮ ಬೆಟ್ 20. ಆರನೇ ಕುರ್ಚಿಯವರ ಪಾಲಿಗೆ ಇದು 83 ಡಾಲರ್ ಗೆಲ್ಲಲು 20 ಕೊಡುವ ವ್ಯವಹಾರ, ಶೇ 19.4 ಗೆಲುವಿದ್ದರೆ ಸರಿಹೋಗುತ್ತದೆ. ಅವರಿಗೆ ಕಾಣದ 46 ಎಲೆಗಳಲ್ಲಿ 9 ಹಾರ್ಟ್ಸ್, ಅಂದರೆ ಶೇ 19.6. ಫ್ಲಶ್‌ಗೆ ಕಾಯುತ್ತಿರುವವನಿಗೆ ಇದಕ್ಕಿಂತ ಕರಾರುವಾಕ್ಕಾದ ಬೆಲೆಯನ್ನು ಲೆಕ್ಕ ಹಾಕಿ ಕೊಡುವುದೂ ಕಷ್ಟ. ಫ್ಲಾಪ್‌ನಲ್ಲಂತೂ ಇನ್ನೂ ಅಗ್ಗ: ಮೂರನೇ ಕುರ್ಚಿಯವರು ಕಾಲ್ ಮಾಡಿದ ಮೇಲೆ 53 ಡಾಲರ್‌ಗಾಗಿ 10 ಕೊಟ್ಟರಾಯಿತು, ಬೇಕಾದದ್ದು ಶೇ 15.9, ಮುಂದಿನ ಒಂದೇ ಎಲೆಯಲ್ಲಿ ಫ್ಲಶ್ ಬರುವ ಸಾಧ್ಯತೆ 47ರಲ್ಲಿ 9, ಶೇ 19.1. ಈ ಕೋಣೆಯಲ್ಲಿ ಪಾಟ್‌ನ ಶೇ 10, ಗರಿಷ್ಠ 5 ಡಾಲರ್ ರೇಕ್ (ಕ್ಯಾಸಿನೊದ ಪಾಲು) ಕಡಿಯುವುದರಿಂದ ಅಂಕಿಗಳು ತುಸು ಆಚೀಚೆ ಆಗುತ್ತವೆ. ಆದರೆ ರಿವರ್‌ನಲ್ಲಿ ಸಿಕ್ಕ 60 ಡಾಲರ್ ಆ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಅದನ್ನೂ ಸೇರಿಸಿದರೆ ಟರ್ನ್‌ನ ಅವರ 20 ಡಾಲರ್ 143 ಡಾಲರ್‌ನ ಬೆನ್ನು ಹತ್ತಿತ್ತು, ಶೇ 12.3 ಗೆಲುವಿದ್ದರೂ ಸಾಕಿತ್ತು. ಎಲೆಯನ್ನು ಹೇಗೆ ಆಡಬೇಕೆಂದು ಒಂದು ಕ್ಷಣವೂ ಯೋಚಿಸದ ವ್ಯಕ್ತಿಯನ್ನು ನಮ್ಮವರು ತಮ್ಮ ಬೆಟ್‌ಗಳ ಮೂಲಕ ಸರಿಯಾಗಿ ಆಡುವಂತೆ ಮಾಡಿದ್ದರು.

ಅದೇ ಟರ್ನ್‌ನಲ್ಲಿ 45 ಡಾಲರ್ ಹಾಕಿದ್ದರೆ? ಮೂರನೇ ಕುರ್ಚಿಯವರನ್ನು ಲೆಕ್ಕದಿಂದ ಬಿಟ್ಟು ನೋಡೋಣ. ಎರಡೂ ಕೈಗಳು ಗೊತ್ತಿರುವ ನಮಗೆ ಉಳಿದದ್ದು 44 ಎಲೆ, ಅವುಗಳಲ್ಲಿ 9 ಅವರ ಪರ, ಆದ್ದರಿಂದ ನಮ್ಮ ಪಾಲು ಶೇ 79.5. ರಿವರ್‌ನ ಬೆಟ್ ಏನೂ ಇಲ್ಲವೆಂದು ಹಿಡಿದರೆ, 20 ಡಾಲರ್ ಬೆಟ್‌ಗೆ ಕಾಲ್ ಸಿಕ್ಕಾಗ 103ರಲ್ಲಿ ನಮ್ಮ ಪಾಲಿನಿಂದ 20 ಕಳೆದು 61.90 ಡಾಲರ್ ಉಳಿಯುತ್ತದೆ. 45 ಡಾಲರ್‌ಗೆ ಕಾಲ್ ಸಿಕ್ಕರೆ 153ರ ಪಾಲಿನಿಂದ 45 ಕಳೆದು 76.70. ಸುಮಾರು 15 ಡಾಲರ್ ಹೆಚ್ಚು. 45 ನೋಡಿ ಎದುರಾಳಿ ಹೆದರಿ ಎಲೆ ಬಿಟ್ಟರೆ? ಇದ್ದ 63 ಡಾಲರ್ ಅಲ್ಲೇ ನಮ್ಮದಾಗುತ್ತದೆ, ಅದೂ 61.90ಕ್ಕಿಂತ ಮೇಲು. ಫ್ಲಶ್‌ಗೆ ಕಾಯುವವನ ಎದುರು ದೊಡ್ಡ ಬೆಟ್‌ಗೆ ಏನೇ ಉತ್ತರ ಬಂದರೂ ಚಿಕ್ಕ ಬೆಟ್‌ಗಿಂತ ನಾವು ಮುಂದಿರುತ್ತೇವೆ.

ನಮ್ಮ ಆಟಗಾರರ ಆಕ್ಷೇಪ ಬೇರೆಯದಾಗಿತ್ತು, ಅದು ಗಂಭೀರವಾದದ್ದೇ. "ದೊಡ್ಡ ಬೆಟ್ ಹಾಕಿದರೆ ರಾಜ-ಗುಲಾಮ ಹಿಡಿದವನೂ ಓಡಿಹೋಗುತ್ತಾನೆ, ನಾನು ದುಡ್ಡು ಮಾಡಬೇಕಾದದ್ದೇ ಅವನಿಂದ ಅಲ್ಲವೇ?" ಎಂದು ಕೇಳಿದರು. ಲೆಕ್ಕ ಹಾಕಿದರೆ ಈ ಭಯ ನಿಲ್ಲುವುದಿಲ್ಲ. ರಾಜ-ಗುಲಾಮ ಹಿಡಿದವನಿಗೆ ಟರ್ನ್‌ನಲ್ಲಿ ಉಳಿದ ಆಸರೆ ಮೂರು ಗುಲಾಮ ಮಾತ್ರ, 44ರಲ್ಲಿ 41 ಸಲ ನಾವೇ ಗೆಲ್ಲುತ್ತೇವೆ. 20ಕ್ಕೆ ಕಾಲ್ ಸಿಕ್ಕರೆ ನಮಗೆ 76 ಡಾಲರ್, 45ಕ್ಕೆ ಸಿಕ್ಕರೆ 97.60, ಅವನು ಬಿಟ್ಟರೆ 63. ಕಾಲ್ ಬಂದಾಗ ಸುಮಾರು 21.60 ಲಾಭ, ಬಾರದಿದ್ದಾಗ 13 ನಷ್ಟ. ಅಂದರೆ ಆತ ಹತ್ತರಲ್ಲಿ ಆರಕ್ಕೂ ಹೆಚ್ಚು ಸಲ ರಾಜನ ಜೋಡಿಯನ್ನು ಬಿಸಾಡಿದರೆ ಮಾತ್ರ 45 ಡಾಲರ್ ಕೆಟ್ಟ ಬೆಟ್. ಲಿಂಪ್ ಮಾಡಿ ಬಂದು, ಟಾಪ್ ಜೋಡಿ ಸಿಕ್ಕ ಸಂತೋಷದಲ್ಲಿರುವ 2 ಡಾಲರ್ ಟೇಬಲ್‌ನ ಆಟಗಾರ ಅಷ್ಟು ಸಲ ಬಿಡುತ್ತಾನೆ ಎಂದರೆ ನಾನು ಒಪ್ಪುವುದಿಲ್ಲ. ಈ ಮಟ್ಟದಲ್ಲಿ ಹೆಚ್ಚಿನವರು ತಮ್ಮ ಕೈಯ ಎಲೆ ನೋಡಿ ನಿರ್ಧರಿಸುತ್ತಾರೆ, ಎದುರಿನ ಬೆಟ್ ಪಾಟ್‌ನ ಎಷ್ಟು ಪಾಲು ಎಂಬುದನ್ನು ಅಳೆಯುವುದಿಲ್ಲ. 20ಕ್ಕೆ ಕೊಡುವವರು 45ಕ್ಕೂ ಕೊಡುತ್ತಾರೆ. ನಾನು ಕಡಿಮೆ ಮೊತ್ತದ ಟೇಬಲ್‌ಗಳ ಬಗ್ಗೆ ಬೇರಾವ ಮಾತನ್ನೂ ಇಷ್ಟು ಧೈರ್ಯದಿಂದ ಹೇಳಲಾರೆ.

ಮೂರು ಬಗೆಯ ಎದುರಾಳಿಗಳನ್ನೂ ಒಟ್ಟಿಗೆ ತೂಗಿದರೆ ಚಿತ್ರ ಪೂರ್ಣವಾಗುತ್ತದೆ. ರಾಜನ ಜೋಡಿ 24 ಬಗೆ, ಫ್ಲಶ್ ಡ್ರಾ (ಫ್ಲಶ್‌ಗೆ ಇನ್ನೊಂದೇ ಎಲೆ ಬೇಕಿರುವ ಕೈ) 16 ಬಗೆ, ನಮ್ಮನ್ನು ಆಗಲೇ ಸೋಲಿಸಿರುವ ಮೂರು 9, ಮೂರು 6, ಮೂರು 4 ಸೇರಿ 9 ಬಗೆ. ಎಲ್ಲರೂ ಕಾಲ್ ಮಾಡುತ್ತಾರೆಂದೂ, ಡ್ರಾಗಳೆಲ್ಲ ಒಂಬತ್ತು ಎಲೆಯವೇ ಎಂದೂ ಸರಳಗೊಳಿಸಿ ನೋಡಿದರೆ, 20ರ ಬದಲು 45 ಹಾಕುವುದರಿಂದ ಸಿಗುವ ಹೆಚ್ಚಿನ ಲಾಭ ಸರಾಸರಿ 10.80 ಡಾಲರ್. ಕೊನೆಯ 9 ಬಗೆಗಳಿಗೆ ಹೆಚ್ಚುವರಿಯಾಗಿ ತೆರುವ 25 ಡಾಲರ್ ಇದರಲ್ಲಿ ಸೇರಿಯೇ ಇದೆ. ರಿವರ್‌ನ ತಪ್ಪು ಕಾಲ್‌ನ ಬೆಲೆಯನ್ನು ಅದೇ ಟರ್ನ್‌ನ ಜಾಗದಲ್ಲಿ ನಿಂತು ಅಳೆದರೆ, ಹಾರ್ಟ್ಸ್ ಬರುವ ಐದರಲ್ಲೊಂದು ಸಾಧ್ಯತೆ, ಬಂದಾಗ 49ರಲ್ಲಿ ಸುಮಾರು 18 ಬಗೆಗಳು ಮಾತ್ರ ಮುಂದೆ ಬರುವುದು, ಆಗ 31 ಡಾಲರ್ ನಷ್ಟ: ಎಲ್ಲ ಗುಣಿಸಿದರೆ 2.30 ಡಾಲರ್ ಆಸುಪಾಸು. ಅವರಿಗೆ ನಿದ್ದೆಗೆಡಿಸಿದ ಕಾಲ್ ಸರಾಸರಿಯಲ್ಲಿ ಎರಡೂವರೆ ಡಾಲರ್‌ಗೂ ಕಡಿಮೆ, ಗಮನಕ್ಕೇ ಬಾರದ ಟರ್ನ್ ಬೆಟ್ ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಹಾಗೆಂದು ಎರಡನ್ನೂ ಬೇರೆ ಬೇರೆ ತಪ್ಪುಗಳೆಂದು ನೋಡುವುದೂ ಪೂರ್ತಿ ಸರಿಯಲ್ಲ. 45 ಡಾಲರ್ ಬೆಟ್‌ಗೆ ಫ್ಲಶ್ ಡ್ರಾ ಹಿಡಿದವನ ಕಾಲ್ ಸರಿದೂಗಬೇಕಾದರೆ, ಹಾರ್ಟ್ಸ್ ಬಂದ ಪ್ರತಿ ಸಲವೂ ರಿವರ್‌ನಲ್ಲಿ ನಮ್ಮಿಂದ ಇನ್ನೂ 77 ಡಾಲರ್ ಅವನಿಗೆ ಸಿಗಬೇಕು. ನಾವು ಅಲ್ಲಿ ಎಲೆ ಬಿಟ್ಟರೆ ಆ ಹಣ ಸಿಗದು, ಅವನ ಟರ್ನ್ ಕಾಲ್ ಶುದ್ಧ ನಷ್ಟವಾಗಿಯೇ ಉಳಿಯುತ್ತದೆ. ಟರ್ನ್‌ನಲ್ಲಿ ದೊಡ್ಡ ಬೆಟ್ ಹಾಕಿ, ಹಾರ್ಟ್ಸ್ ಬಿದ್ದ ಮೇಲೂ "ಇಷ್ಟು ಹಾಕಿದ್ದೇನೆ, ಹೇಗೆ ಬಿಡಲಿ" ಎಂದು ಕಾಲ್ ಮಾಡಿದರೆ, ಬೆಟ್ ದುಬಾರಿಯಾಗಿಸಿದ್ದನ್ನು ಕಾಲ್ ಮತ್ತೆ ಅಗ್ಗವಾಗಿಸುತ್ತದೆ. ಇಂಥ ಎದುರಾಳಿಯ ಎದುರು ರಿವರ್‌ನಲ್ಲಿ ಫೋಲ್ಡ್ ಮಾಡುವ ತೀರ್ಮಾನ ಟರ್ನ್‌ನ ಚಿಪ್ ಮುಂದಿಡುವಾಗಲೇ ಆಗಿರಬೇಕು.

ಈ ಚಿಕ್ಕ ಬೆಟ್‌ಗಳ ಅಭ್ಯಾಸ ಎಲ್ಲಿಂದ ಬಂತು ಎಂಬುದು ಕುತೂಹಲದ ವಿಷಯ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸುವ ಮೊದಲು, ನಮ್ಮ ಆಟಗಾರರು ಕಲಿತದ್ದೆಲ್ಲ ಆನ್‌ಲೈನ್ ಟೇಬಲ್‌ಗಳಲ್ಲಿ. ಅಲ್ಲಿ ಫ್ಲಾಪ್‌ಗೂ ಮೊದಲ ರೇಸ್ ಬಿಗ್ ಬ್ಲೈಂಡ್‌ನ ಎರಡೂವರೆ ಪಟ್ಟು, ಮೂರು ಪಟ್ಟು ಇರುವುದು ವಾಡಿಕೆ, ಫ್ಲಾಪ್‌ನಲ್ಲಿ ಮೂರನೇ ಒಂದು ಪಾಟ್ ಬೆಟ್ ಹಾಕುವುದು ಪಾಠಗಳಲ್ಲಿ ಪದೇ ಪದೇ ಬರುವ ಸಲಹೆ. ಸಲಹೆ ತಪ್ಪಲ್ಲ. ಆದರೆ ಅದು ಹೆಚ್ಚಾಗಿ ಬಟನ್ ಮತ್ತು ಬಿಗ್ ಬ್ಲೈಂಡ್ ಇಬ್ಬರೇ ಉಳಿದ ಪಾಟ್‌ಗೆ, ಎದುರಾಳಿ ಏನೂ ಸಿಗದ ಅರ್ಧಕ್ಕರ್ಧ ಕೈಗಳನ್ನು ಹಿಡಿದಿರುವ ಸಂದರ್ಭಕ್ಕೆ ಹೇಳಿದ್ದು. ರಾಜ, 7, 2 ಮೂರು ಬೇರೆ ಬೇರೆ ಚಿಹ್ನೆಗಳಲ್ಲಿ ಬಿದ್ದು ಎದುರಿಗೆ ಒಬ್ಬರೇ ಇದ್ದರೆ ನಾನೂ 10 ಡಾಲರ್ ಹಾಕಿಯೇನು. ನಾಲ್ವರಿರುವ ಪಾಟ್‌ನಲ್ಲಿ, ಎರಡು ಹಾರ್ಟ್ಸ್ ಇರುವ ಫ್ಲಾಪ್ ಮೇಲೆ, ಅದೇ 10 ಡಾಲರ್ ಎಲ್ಲರಿಗೂ ತೆರೆದಿಟ್ಟ ರಿಯಾಯಿತಿ ದರದ ಅಂಗಡಿ.

ಮೊದಲ ರೇಸ್‌ನಲ್ಲೇ ಈ ಸಮಸ್ಯೆಯ ಬೇರು ಇದೆ. ಇಬ್ಬರು ಲಿಂಪ್ ಮಾಡಿದ ಮೇಲೆ 8 ಡಾಲರ್ ಎಂದರೆ ಅವರಿಗೆ ಇನ್ನು 6 ಕೊಡುವುದಷ್ಟೇ. ಅಷ್ಟಕ್ಕೆ ಯಾರೂ ಎಲೆ ಬಿಡುವುದಿಲ್ಲ, ಬಿಗ್ ಬ್ಲೈಂಡ್ ಕೂಡ ಬಿಡಲಿಲ್ಲ. ಇಂಥ ಟೇಬಲ್‌ನಲ್ಲಿ ಬಿಗ್ ಬ್ಲೈಂಡ್‌ನ ಐದು ಪಟ್ಟು, ಜೊತೆಗೆ ಲಿಂಪ್ ಮಾಡಿದ ಪ್ರತಿಯೊಬ್ಬರಿಗೂ ಒಂದೊಂದು ಪಟ್ಟು ಸೇರಿಸಿ, 14 ಅಥವಾ 15 ಡಾಲರ್ ಹಾಕುವುದು ಯುಕ್ತ. ಜೋರಾಗಿ "ಹದಿನೈದು" ಎಂದು ಹೇಳಿ ಚಿಪ್ ಇಡುವುದು ಒಳ್ಳೆಯದು. ಮಾತಾಡದೆ ಒಂದೇ 25 ಡಾಲರ್ ಚಿಪ್ ಇಟ್ಟರೆ ಅದನ್ನು ಬರೀ ಕಾಲ್ ಎಂದೇ ಪರಿಗಣಿಸುವ ನಿಯಮ ಕ್ಯಾಸಿನೊಗಳಲ್ಲಿದೆ, ಆನ್‌ಲೈನ್‌ನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. 15ಕ್ಕೆ ಒಬ್ಬರೇ ಕಾಲ್ ಮಾಡಿದರೂ ಪಾಟ್ 35 ಆಗುತ್ತದೆ: 8 ಹಾಕಿ ನಾಲ್ವರು ಸೇರಿ ಕಟ್ಟಿದ ಪಾಟ್‌ಗಿಂತ 2 ಡಾಲರ್ ಹೆಚ್ಚು, ಎದುರಾಳಿಗಳು ಮೂವರ ಬದಲು ಒಬ್ಬರು.

ಅಲ್ಲಿಂದ ಮುಂದಿನ ದಾರಿಯೂ ತಾನಾಗಿ ಸಿದ್ಧವಾಗುತ್ತದೆ. 35ರ ಪಾಟ್‌ನಲ್ಲಿ ಫ್ಲಾಪ್‌ನ ಬೆಟ್ 22, ಕಾಲ್ ಬಂದರೆ ಪಾಟ್ 79. ಟರ್ನ್‌ನಲ್ಲಿ 50, ಪಾಟ್ 179. ಕೈಯಲ್ಲಿ ಉಳಿದದ್ದು 113 ಡಾಲರ್, ಹಾರ್ಟ್ಸ್ ಬಾರದ ರಿವರ್‌ನಲ್ಲಿ ಪೂರ್ತಿ ತಳ್ಳಲು ಹದವಾದ ಮೊತ್ತ. ರಾಜ-ರಾಣಿ ಹಿಡಿದವನು ಮೂರು ಸುತ್ತು ಕಾಲ್ ಮಾಡಿದರೆ 200 ಡಾಲರ್ ಪೂರ್ತಿ ಬರುತ್ತದೆ. ನಮ್ಮವರು ಆಡಿದ ಬಗೆಯಲ್ಲಿ ರಿವರ್ ತಲುಪುವ ಹೊತ್ತಿಗೆ ಪ್ರತಿಯೊಬ್ಬರಿಂದ ಒಳಬಂದದ್ದು ಹೆಚ್ಚೆಂದರೆ 38 ಡಾಲರ್, ಉಳಿದ 162 ಚೀಲದಲ್ಲೇ ಇತ್ತು.

ಇದೆಲ್ಲ ಕೇಳಿದ ಮೇಲೆ ಅವರು ಎತ್ತಿದ ಇನ್ನೊಂದು ಸಂದರ್ಭ ಚರ್ಚೆಗೆ ಯೋಗ್ಯವಾಗಿದೆ. ಟರ್ನ್‌ನಲ್ಲಿ 45 ಹಾಕಿ, ಪಾಟ್ 153 ಆಗಿ, ರಿವರ್‌ನಲ್ಲಿ ಹಾರ್ಟ್ಸ್ ಬಿದ್ದು, ಆರನೇ ಕುರ್ಚಿಯವರು ಬೆಟ್ ಹಾಕದೆ ಚೆಕ್ ಮಾಡಿದರೆ ಏನು ಮಾಡಬೇಕು? ಹೆಚ್ಚಿನವರು ಫ್ಲಶ್‌ಗೆ ಹೆದರಿ ತಾವೂ ಚೆಕ್ ಮಾಡಿ ಎಲೆ ತೋರಿಸುತ್ತಾರೆ. ಫ್ಲಶ್ ಸಿಕ್ಕ ತಕ್ಷಣ ಚಿಪ್ ಮುಂದೆ ತಳ್ಳುವವರೆಂದು ಈಗ ತಿಳಿದಿರುವ ವ್ಯಕ್ತಿ ಚೆಕ್ ಮಾಡಿದ್ದಾರೆ ಎಂದರೆ, ಅವರ ಕೈಯಲ್ಲಿ ಇರುವುದು ಬಹುಮಟ್ಟಿಗೆ ಆ 24 ರಾಜನ ಜೋಡಿಗಳಲ್ಲಿ ಒಂದು. ಅವರು ಹೆದರಿದ್ದಾರೆ, ಆದರೆ ಪಾಟ್‌ನ ಮೂರನೇ ಒಂದು ಪಾಲಿಗೆ ಎಲೆ ಬಿಡುವಷ್ಟು ಹೆದರಿರುವುದಿಲ್ಲ. ಅಲ್ಲಿ 50 ಡಾಲರ್ ಬೆಟ್ ಹಾಕಬೇಕು, ಅದರ ಮೇಲೆ ಅವರಿಂದ ರೇಸ್ ಬಂದರೆ ಎಣಿಕೆಗೂ ಹೋಗದೆ ಎಕ್ಕ-ರಾಜವನ್ನು ಡೀಲರ್ ಕಡೆಗೆ ಸರಿಸಬೇಕು.